ಕಾಂಪ್ಯಾಕ್ಟ್ ಟ್ರ್ಯಾಕ್ಟರಿನ ಬ್ಯಾಕ್‌ಹೋ: ಜೋಡಿಸುವಾಗ ಪಿನ್ ಕೂಡುವುದಿಲ್ಲ, ಕಳಚಿದ ಮೇಲೆ ಲಿಫ್ಟ್ ಏಳುವುದಿಲ್ಲ

ತೀರ್ಥಹಳ್ಳಿ ತೋಟಗಾರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಿಕ್ಕಿನಲ್ಲಿ ನಮ್ಮ ಅಡಿಕೆ ತೋಟವಿದೆ. ಬಸಿಗಾಲುವೆಗಳ ಹೂಳು ತೆಗೆಯುವುದು, ಬೇಲಿಯಂಚಿನ ಅಗಳವನ್ನು ಸರಿಪಡಿಸುವುದು, ತೋಟದ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡುವುದು ಮುಂತಾದ ಕೆಲಸಗಳಿಗೆ ದೊಡ್ಡ ಜೆಸಿಬಿಯನ್ನು ಬಾಡಿಗೆಗೆ ಕರೆಸಿದರೆ ಅದು ಮರಗಳ ಸಾಲಿನೊಳಗೆ ಇಳಿಯಲಾರದು. ಆ ಕಾರಣಕ್ಕಾಗಿ ನಮ್ಮ 27 ಎಚ್‌ಪಿಯ ಫೋರ್ ವೀಲ್ ಡ್ರೈವ್ ಕಾಂಪ್ಯಾಕ್ಟ್ ಟ್ರ್ಯಾಕ್ಟರಿಗೆ ಹೊಂದುವ ಬ್ಯಾಕ್‌ಹೋ (ಹಿಂಬದಿಗೆ ಜೋಡಿಸುವ, ನೆಲ ಅಗೆಯುವ ತೋಳು) ಒಂದನ್ನು ಕೊಂಡಿದ್ದೇವೆ. ಟ್ರ್ಯಾಕ್ಟರಿನ ಅಡಿಯಲ್ಲಿ ಉದ್ದಕ್ಕೂ ಸಬ್‌ಫ್ರೇಮ್ (ಬ್ಯಾಕ್‌ಹೋವನ್ನು ಹಿಡಿದಿಡುವ ಉಕ್ಕಿನ ಅಡಿಕಟ್ಟು) ಇದೆ, ಮುಂದೆ ಲೋಡರ್ (ಮಣ್ಣು, ಗೊಬ್ಬರ ಎತ್ತುವ ಬಕೆಟ್) ಇದೆ. ಬ್ಯಾಕ್‌ಹೋಗೆ ಎಣ್ಣೆ ಟ್ರ್ಯಾಕ್ಟರಿನ ಪಂಪಿನಿಂದಲೇ ಎರಡು ಹೋಸ್‌ಗಳ ಮೂಲಕ ಹೋಗಿ ಬರುತ್ತದೆ.

ಇದೇ ಟ್ರ್ಯಾಕ್ಟರಿಗೆ ರೋಟವೇಟರ್ ಮತ್ತು ಟ್ರೈಲರ್ ಕೂಡ ಬೇಕಾಗುವುದರಿಂದ ಬ್ಯಾಕ್‌ಹೋವನ್ನು ಆಗಾಗ ಕಳಚಿ ಮತ್ತೆ ಜೋಡಿಸಬೇಕಾಗುತ್ತದೆ. ಕೈಪಿಡಿಯಲ್ಲಿ ಇದು ಕಾಲು ಗಂಟೆಯ ಕೆಲಸವೆಂದಿದ್ದರೂ ನಮ್ಮಲ್ಲಿ ಜೋಡಿಸುವುದಕ್ಕೇ ಅರ್ಧ ದಿನ ಹಿಡಿಯುತ್ತಿದೆ. ಬ್ಯಾಕ್‌ಹೋವನ್ನು ಟ್ರ್ಯಾಕ್ಟರಿಗೆ ಬಿಗಿಯುವ ಎರಡು ಬದಿಯ ಪಿನ್‌ಗಳಲ್ಲಿ ಒಂದು ಬದಿಯದು ಸುಲಭವಾಗಿ ಕೂರುತ್ತದೆ, ಆದರೆ ಇನ್ನೊಂದು ಬದಿಯ ತೂತು ಬೆರಳಿನಷ್ಟು ಮೇಲೋ ಕೆಳಗೋ ನಿಂತುಬಿಡುತ್ತದೆ. ಇಬ್ಬರು ಆಳುಗಳು ಹಾರೆಯಿಂದ ಮೀಟಿದರೂ ಅಲುಗುವುದಿಲ್ಲ.

ಎರಡನೆಯ ತೊಂದರೆ ಈ ವಾರದ್ದು. ಬ್ಯಾಕ್‌ಹೋ ಕಳಚಿಟ್ಟು ರೋಟವೇಟರ್ ಎತ್ತಲು ಹೋದರೆ ಹಿಂದಿನ ಲಿಫ್ಟ್ ಏಳುವುದೇ ಇಲ್ಲ. ಎಂಜಿನ್ ಚಾಲೂ ಮಾಡಿದೊಡನೆ ಸೀಟಿನ ಕೆಳಗಿನಿಂದ ಕೀರಲು ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ಎಣ್ಣೆಯ ಪೈಪು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಮುಂದಿನ ಲೋಡರ್ ಮಾತ್ರ ಎಂದಿನಂತೆ ಏಳುತ್ತದೆ, ಇಳಿಯುತ್ತದೆ. ಪಂಪು ಹೋಗಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಹೈಡ್ರಾಲಿಕ್ ಕೆಲಸ, ಶಿವಮೊಗ್ಗ

ಮೊದಲು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಈ ಉತ್ತರ ಓದಿ ಮುಗಿಸುವವರೆಗೆ ಟ್ರ್ಯಾಕ್ಟರನ್ನು ಚಾಲೂ ಮಾಡಬೇಡಿ.

ಲೋಡರ್ ಸರಿಯಾಗಿ ಏಳುತ್ತಿದೆ ಎಂದಮೇಲೆ ಪಂಪು ಎಣ್ಣೆಯನ್ನು ತಳ್ಳುತ್ತಿದೆ ಎಂದೇ ಅರ್ಥ. ಈ ಗಾತ್ರದ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಇರುವುದು ಓಪನ್ ಸೆಂಟರ್ ವ್ಯವಸ್ಥೆ. ಲಿವರ್ ಮುಟ್ಟದಿದ್ದರೂ ಪಂಪು ಎಣ್ಣೆಯನ್ನು ಓಡಿಸುತ್ತಲೇ ಇರುತ್ತದೆ. ಆ ಎಣ್ಣೆ ಮೊದಲು ಲೋಡರಿನ ವಾಲ್ವ್‌ಗೆ, ಅಲ್ಲಿಂದ ಹೋಸ್ ಮೂಲಕ ಬ್ಯಾಕ್‌ಹೋ ವಾಲ್ವ್‌ಗೆ, ಅಲ್ಲಿಂದ ಮರಳಿ ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್‌ಗೆ, ಕೊನೆಗೆ ಟ್ಯಾಂಕಿಗೆ ಹೋಗುತ್ತದೆ. ಬ್ಯಾಕ್‌ಹೋ ಕಳಚಿದಾಗ ಈ ದಾರಿಯ ನಡುವಿನ ಒಂದು ತುಂಡು ಇಲ್ಲವಾಗುತ್ತದೆ. ಹೋಸ್ ತುದಿಗಳನ್ನು ಕೂಡಿಸುವ ಕ್ವಿಕ್ ಕಪ್ಲರ್‌ಗಳು ಬಿಡಿಸಿದ ಕೂಡಲೇ ತಾವಾಗಿ ಮುಚ್ಚಿಕೊಳ್ಳುವುದರಿಂದ, ಮೇಲಿನ ಗದ್ದೆಯ ಕಂಡಿ ಕಟ್ಟಿದರೆ ಕೆಳಗಿನ ಗದ್ದೆಗೆ ನೀರಿಳಿಯದ ಹಾಗೆ, ಎಣ್ಣೆ ಲೋಡರ್ ದಾಟಿ ಮುಂದಕ್ಕೆ ಹೋಗುವುದಿಲ್ಲ. ಪಂಪು ತಳ್ಳಿದ ಎಣ್ಣೆಯೆಲ್ಲವೂ ರಿಲೀಫ್ ವಾಲ್ವನ್ನು ಒತ್ತಿ ತೆರೆದುಕೊಂಡು ನುಗ್ಗಬೇಕಾಗುತ್ತದೆ. ನಿಮಗೆ ಕೇಳುತ್ತಿರುವ ಕೀರಲು ಸದ್ದು ಅದರದೇ. ಎಂಜಿನ್ನಿನ ಶಕ್ತಿ ಎಣ್ಣೆಯನ್ನು ಕಾಯಿಸುವುದರಲ್ಲೇ ಕಳೆಯುತ್ತಿದೆ. ರಿಲೀಫ್ ವಾಲ್ವ್ ಇರುವುದು ಕ್ಷಣಕಾಲದ ಒತ್ತಡವನ್ನು ತಪ್ಪಿಸಲಿಕ್ಕೆ, ಆದ್ದರಿಂದ ಅದನ್ನು ಹೀಗೆಯೇ ಓಡಿಸುತ್ತಾ ಹೋದರೆ ಎಣ್ಣೆ ಸುಟ್ಟು ಪಂಪಿನ ಸೀಲು ಹಾಳಾಗುವುದು ಖಂಡಿತ.

ಪರಿಹಾರ ಸುಲಭ. ಎಂಜಿನ್ ಆರಿಸಿ, ಎಣ್ಣೆ ತಣ್ಣಗಾಗಲು ಬಿಡಿ. ಲೋಡರ್ ಬಕೆಟ್ ನೆಲದ ಮೇಲಿದೆ ಎಂದು ನೋಡಿಕೊಂಡು ಅದರ ಲಿವರನ್ನು ನಾಲ್ಕೂ ಕಡೆಗೆ ಆಡಿಸಿ, ಒಳಗಿನ ಒತ್ತಡ ಇಳಿಯುತ್ತದೆ. ಬ್ಯಾಕ್‌ಹೋಗೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಎರಡು ಕಪ್ಲರ್‌ಗಳನ್ನು ನೋಡಿದರೆ ಒಂದು ಗಂಡು, ಇನ್ನೊಂದು ಹೆಣ್ಣು ಇರುತ್ತದೆ. ಹೋಸ್ ಅದಲುಬದಲಾಗದಂತೆ ತಡೆಯುವುದು ಇದರ ಒಂದು ಉದ್ದೇಶವಾದರೆ, ಬ್ಯಾಕ್‌ಹೋ ಇಲ್ಲದಾಗ ಇವೆರಡನ್ನೂ ಪರಸ್ಪರ ಜೋಡಿಸಲು ಅನುಕೂಲವಾಗಲಿ ಎಂಬುದು ಇನ್ನೊಂದು. ಎರಡನ್ನೂ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಟಕ್ ಎಂಬ ಸದ್ದು ಬರುವವರೆಗೆ ಒತ್ತಿ, ಎಳೆದು ನೋಡಿ. ಅರೆಬರೆ ಕೂತ ಕಪ್ಲರ್ ಹೊರಗಿನಿಂದ ಜೋಡಿಸಿದಂತೆ ಕಂಡರೂ ಒಳಗೆ ಮುಚ್ಚಿಯೇ ಇರುತ್ತದೆ. ಬಳಿಕ ಎಂಜಿನ್ನನ್ನು ಕಡಿಮೆ ವೇಗದಲ್ಲಿ ಚಾಲೂ ಮಾಡಿ. ಸದ್ದು ನಿಂತು ಲಿಫ್ಟ್ ಎದ್ದರೆ ತೊಂದರೆ ಪರಿಹಾರವಾಯಿತು. ಎರಡೂ ತುದಿಗಳು ಒಂದಕ್ಕೊಂದು ತಲುಪದಿದ್ದರೆ ಒಂದು ತುಂಡು ಹೋಸ್ ಮಾಡಿಸಿ ಟ್ರ್ಯಾಕ್ಟರಿಗೇ ಕಟ್ಟಿಡಿ. ಆಮೇಲೆ ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಬಣ್ಣ ಮತ್ತು ವಾಸನೆ ಪರೀಕ್ಷಿಸಿ. ಕಪ್ಪಗಾಗಿ ಕಮಟು ವಾಸನೆ ಬರುತ್ತಿದ್ದರೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿಯೇ ಮುಂದಿನ ಕೆಲಸಕ್ಕೆ ಇಳಿಯಿರಿ.

ಬೇರೆ ಮಾದರಿ ಇರುವವರಿಗೂ ಒಂದು ಮಾತು. ಕೆಲವು ಬ್ಯಾಕ್‌ಹೋಗಳಲ್ಲಿ ಮೂರನೆಯ ಹೋಸ್ ಒಂದು ನೇರವಾಗಿ ಟ್ಯಾಂಕಿಗೆ ಹೋಗುತ್ತದೆ. ಜೋಡಿಸುವಾಗ ಅದನ್ನು ಮರೆತು ಬ್ಯಾಕ್‌ಹೋ ನಡೆಸಿದರೆ, ಹಿಂತಿರುಗುವ ಎಣ್ಣೆಗೆ ದಾರಿಯಿಲ್ಲದೆ ವಾಲ್ವಿನ ಸೀಲುಗಳು ಒಡೆಯುತ್ತವೆ.

ಸಾಗರ ಸೀಮೆ ಕೃಷಿಕ

ಲಿಫ್ಟಿನ ವಿಷಯ ಮೇಲಿನವರು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಪಿನ್ನಿನ ವಿಷಯ ಬರೆಯುತ್ತೇನೆ. ಪಿನ್ ಕೂಡದಿರುವ ತೊಂದರೆ ಜೋಡಿಸುವಾಗ ಕಾಣಿಸಿಕೊಳ್ಳುತ್ತದೆ, ಆದರೆ ಅದು ಹುಟ್ಟುವುದು ಹಿಂದಿನ ಸಲ ಕಳಚಿಟ್ಟಾಗ. ಈ ಗಾತ್ರದ ಬ್ಯಾಕ್‌ಹೋಗಳು ಸಾಮಾನ್ಯವಾಗಿ 300ರಿಂದ 500 ಕಿಲೋ ತೂಗುತ್ತವೆ. ಕಳಚಿಟ್ಟಾಗ ಈ ಭಾರವೆಲ್ಲ ಎರಡು ಬದಿಗೆ ಚಾಚಿ ನೆಲಕ್ಕೆ ಊರುವ ಸ್ಟೆಬಿಲೈಸರ್ ಕಾಲುಗಳು ಮತ್ತು ಬಕೆಟ್ಟಿನ ಮೇಲೆ ನಿಲ್ಲುತ್ತದೆ. ಕಾಲುಗಳನ್ನು ಹಿಡಿದಿಟ್ಟಿರುವುದು ಸಿಲಿಂಡರಿನೊಳಗಿನ ಎಣ್ಣೆ. ವಾಲ್ವಿನೊಳಗೆ ಜರುಗುವ ಸ್ಪೂಲ್ ಎಂಬ ಕಡ್ಡಿಯ ಪಕ್ಕದಿಂದ ಎಣ್ಣೆ ಹನಿಹನಿಯಾಗಿ ಜಾರುವುದು ಸಹಜವಾದ್ದರಿಂದ, ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಕುಸಿಯುತ್ತದೆ. ಅದರ ಮೇಲೆ ನಮ್ಮ ಕಡೆಯ ನೆಲವನ್ನೂ ಯೋಚಿಸಿ. ಬೇಸಿಗೆಯಲ್ಲಿ ಕಲ್ಲಿನಂತಿರುವ ಜಂಬಿಟ್ಟಿಗೆ ಮಣ್ಣು ಜೂನ್ ತಿಂಗಳ ಮಳೆ ಹೊಡೆದ ಮೇಲೆ ಕಾಲಿನ ಪಾದವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ವಾಲಿ ನಿಂತ ಯಂತ್ರದ ಎರಡು ಬದಿಯ ತೂತುಗಳು ಒಂದೇ ಮಟ್ಟಕ್ಕೆ ಬರುವುದು ಹೇಗೆ ಸಾಧ್ಯ? ಟ್ರ್ಯಾಕ್ಟರಿನ ಹಿಂದಿನ ಎರಡು ಟೈರುಗಳ ಗಾಳಿ ಹೆಚ್ಚುಕಡಿಮೆ ಇದ್ದರೂ ಇದೇ ತೊಂದರೆ ಬರುತ್ತದೆ, ಅದನ್ನೂ ಅಳೆದು ನೋಡಿ.

ಹಾಗಾಗಿ ಕಳಚುವ ಕ್ರಮವನ್ನೇ ಮೊದಲು ಹೇಳುತ್ತೇನೆ. ಸಾಧ್ಯವಿದ್ದರೆ ಕಾಂಕ್ರೀಟ್ ನೆಲ, ಇಲ್ಲವಾದರೆ ಗಟ್ಟಿ ನೆಲದ ಮೇಲೆ ದಪ್ಪ ಹಲಗೆ ಬೇಕು. ಜಂಬಿಟ್ಟಿಗೆ ಕಲ್ಲುಗಳನ್ನು ಪಾದದ ಕೆಳಗೆ ಇಡಬೇಡಿ. ಗೋಡೆಯ ಭಾರ ತಡೆಯುವ ಕಲ್ಲು ಒಂದೇ ಕಡೆಯ ಒತ್ತಡಕ್ಕೆ ಪುಡಿಯಾಗುತ್ತದೆ. ಬೂಮನ್ನು (ಅಗೆಯುವ ತೋಳಿನ ಬುಡದ ಭಾಗ) ನೇರ ಹಿಂದಕ್ಕೆ ತಂದು, ಅದು ಪಕ್ಕಕ್ಕೆ ತಿರುಗದಂತೆ ಸ್ವಿಂಗ್ ಲಾಕ್ ಹಾಕಿ, ಲೋಡರ್ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಅಡೆ ಕೊಡಿ. ಸ್ಟೆಬಿಲೈಸರ್ ಕಾಲುಗಳನ್ನು ಹಲಗೆಯ ಮೇಲೆ ಊರಿ, ಟ್ರ್ಯಾಕ್ಟರಿನ ಟೈರು ನೆಲ ಬಿಡದಂತೆ, ಬ್ಯಾಕ್‌ಹೋದ ಭಾರವನ್ನು ಮಾತ್ರ ಅವು ಹೊರುವಂತೆ ಮಾಡಿ. ಬ್ಯಾಕ್‌ಹೋದ ಬಕೆಟ್ಟನ್ನೂ ಹಲಗೆಯ ಮೇಲೆ ಊರಿ. ಈಗ ಎಂಜಿನ್ ಆರಿಸಿ ಮೇಲಿನ ಪಿನ್‌ಗಳನ್ನು ತೆಗೆಯಿರಿ. ಭಾರ ಸರಿಯಾಗಿ ಹಂಚಿದ್ದರೆ ಪಿನ್ ಕೈಯಿಂದಲೇ ಬರುತ್ತದೆ. ಬಿಗಿದಿದ್ದರೆ ಸುತ್ತಿಗೆ ಎತ್ತಿಕೊಳ್ಳದೆ ಬ್ಯಾಕ್‌ಹೋ ಸೀಟಿಗೆ ಹೋಗಿ ಬೂಮನ್ನು ಕೂದಲೆಳೆಯಷ್ಟು ಆಡಿಸಿ, ಮತ್ತೆ ಎಂಜಿನ್ ಆರಿಸಿ ನೋಡಿ.

ಪಿನ್ ತೆಗೆದ ಮೇಲೆ ಎಲ್ಲವನ್ನೂ ಬ್ಯಾಕ್‌ಹೋದ ಸ್ವಂತ ಶಕ್ತಿಯಿಂದಲೇ ಮಾಡಿಸಬೇಕು, ಹಾರೆ ಹಿಡಿದವರು ಬೇಡ. ಬೂಮನ್ನು ಕೆಳಕ್ಕೆ ಒತ್ತಿದರೆ ಯಂತ್ರದ ಹಿಂಭಾಗ ಎದ್ದು ಬ್ಯಾಕ್‌ಹೋದ ಚೌಕಟ್ಟಿನ ತಲೆ ಟ್ರ್ಯಾಕ್ಟರಿನ ಕಡೆಗೆ ವಾಲುತ್ತದೆ, ಬೂಮನ್ನು ಎತ್ತಿದರೆ ತಲೆ ಹಿಂದಕ್ಕೆ ಹೋಗುತ್ತದೆ. ಸ್ಟೆಬಿಲೈಸರ್ ಒತ್ತಿದರೆ ಇಡೀ ಚೌಕಟ್ಟು ಮೇಲೇಳುತ್ತದೆ. ಈ ಮೂರು ಚಲನೆಗಳು ಕೈಗೆ ಹತ್ತಿದವೆಂದರೆ ಉಳಿದದ್ದೆಲ್ಲ ಸುಲಭ. ಹೆಚ್ಚಿನ ಮಾದರಿಗಳಲ್ಲಿ ಚೌಕಟ್ಟಿನ ಕೆಳಗಿನ ಅಡ್ಡಸರಳು ಟ್ರ್ಯಾಕ್ಟರಿನ ಕೊಕ್ಕೆಗಳಲ್ಲಿ ಕೂತಿರುತ್ತದೆ. ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಎರಡೂ ಕಾಲುಗಳನ್ನು ಸಮನಾಗಿ ಒತ್ತಿದರೆ ಅದು ಕೊಕ್ಕೆಯಿಂದ ಮೇಲೆದ್ದು ಬಿಡುತ್ತದೆ.

ಇನ್ನು ಮುಂದಿನ ಮಾತನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹೋಸ್ ಕಳಚುವ ಮೊದಲೇ, ಲಿವರ್ ಆಡಿಸಿ ಒತ್ತಡ ಇಳಿಸುವ ಮೊದಲೇ, ಎಂಜಿನ್ ಆರಿಸಿ ಚೌಕಟ್ಟಿನ ಎರಡೂ ಬದಿಗೆ ಹೊರಗಿನಿಂದಲೇ ಮರದ ದಿಮ್ಮಿ ತಳ್ಳಿ, ಭಾರ ಅದರ ಮೇಲೆ ಕೂರುವಂತೆ ಮಾಡಿ. ಆಗ ಸಿಲಿಂಡರಿನ ಎಣ್ಣೆ ಎಷ್ಟೇ ಜಾರಿದರೂ ಚೌಕಟ್ಟಿನ ಎತ್ತರ ಬದಲಾಗುವುದಿಲ್ಲ. ದಿಮ್ಮಿಗಳನ್ನು ನಿಮ್ಮ ಟ್ರ್ಯಾಕ್ಟರಿನ ಕೊಕ್ಕೆಯ ಎತ್ತರಕ್ಕೆ ಅಳೆದು ಕೊಯ್ಯಿಸಿ, ಬೇರೆ ಕೆಲಸಕ್ಕೆ ಕೊಡದೆ ಅಲ್ಲಿಯೇ ಇಟ್ಟುಕೊಳ್ಳಿ. ಇದಾದ ಮೇಲೆ ಎಲ್ಲ ಲಿವರುಗಳನ್ನೂ ಎಲ್ಲ ದಿಕ್ಕಿಗೂ ಆಡಿಸಿ, ಹೋಸ್ ಕಳಚಿ, ಟ್ರ್ಯಾಕ್ಟರಿನ ಕಡೆಯ ಎರಡು ಕಪ್ಲರ್ ತುದಿಗಳನ್ನು ಪರಸ್ಪರ ಜೋಡಿಸಿ, ನೇರವಾಗಿ ಮುಂದಕ್ಕೆ ಹೋಗಿ. ಹೋಗುವ ಮುನ್ನ ನೆಲದ ಮೇಲೆ ಹಿಂದಿನ ಚಕ್ರಗಳ ಗುರುತು ಹಾಕಿಟ್ಟರೆ ಮುಂದಿನ ಸಲ ಹಿಮ್ಮೆಟ್ಟುವುದು ಸುಲಭವಾಗುತ್ತದೆ.

ಜೋಡಿಸುವುದು ಇದರದೇ ಹಿಮ್ಮುಖ ಕ್ರಮ. ಲಿಫ್ಟಿನ ಕೆಳತೋಳುಗಳು ಮತ್ತು ಟಾಪ್ ಲಿಂಕ್ (ಮೇಲಿನ ಜೋಡುಸರಳು) ಅಡ್ಡ ಬರುವಂತಿದ್ದರೆ ಮೊದಲೇ ಕಳಚಿಡಿ, ಪಿಟಿಒ (ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುದಂಡ) ಬಂದ್ ಇರಲಿ. ಗುರುತಿನ ಮೇಲೆ ಹಿಮ್ಮೆಟ್ಟಿ, ಹೋಸ್ ತಲುಪುವಷ್ಟು ಹತ್ತಿರ ನಿಲ್ಲಿಸಿ, ಎಂಜಿನ್ ಆರಿಸಿ ಹೋಸ್ ಜೋಡಿಸಿ. ಬ್ಯಾಕ್‌ಹೋ ಲಿವರುಗಳಿಂದ ಚೌಕಟ್ಟನ್ನು ದಿಮ್ಮಿಯಿಂದ ಎತ್ತಿ ಮಟ್ಟ ಮಾಡಿ, ಆಮೇಲೆ ಟ್ರ್ಯಾಕ್ಟರನ್ನು ಇಂಚಿಂಚಾಗಿ ಹಿಂದಕ್ಕೆ ತನ್ನಿ. ಕೆಳಗಿನ ಕೊಕ್ಕೆಗಳೆರಡೂ ಪೂರ್ತಿ ಕೂರುವವರೆಗೆ ಮೇಲಿನ ಪಿನ್ನಿನ ಯೋಚನೆ ಬೇಡ. ಒಂದು ಬದಿಯ ಪಿನ್ ಹಾಕಿ ಇನ್ನೊಂದನ್ನು ಎಳೆದಾಡುವುದರಿಂದಲೇ ಎರಡನೆಯದು ಸಿಕ್ಕಿಬೀಳುತ್ತದೆ. ಎರಡೂ ಸಡಿಲವಾಗಿರುವಾಗ, ತಗ್ಗಿರುವ ಬದಿಯ ಸ್ಟೆಬಿಲೈಸರನ್ನು ಮಾತ್ರ ಸ್ವಲ್ಪ ಒತ್ತಿ ಮಟ್ಟಕ್ಕೆ ತನ್ನಿ. ತೂತು ಕೂಡಿತೇ ಎಂದು ನೋಡಲು ಬೆರಳು ಹಾಕಬಾರದು, ಎಂಜಿನ್ ಆರಿಸಿ ಮೊನೆಯಾದ ಸರಳು ತೂರಿಸಿ ನೋಡಬೇಕು.

ಆಳುಗಳ ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಎಂಜಿನ್ ಓಡುತ್ತಿರುವಾಗ ಟ್ರ್ಯಾಕ್ಟರಿಗೂ ಬ್ಯಾಕ್‌ಹೋಗೂ ನಡುವೆ ಯಾರೂ ನಿಲ್ಲಬಾರದು. ಹಾರೆ ಹಿಡಿದು ಮೀಟುವವರು ನಿಲ್ಲುವ ಜಾಗ ಅದೇ. ಸಹಾಯಕ್ಕೆ ಒಬ್ಬರು ಸಾಕು, ಅವರು ಚಾಲಕನಿಗೆ ಕಾಣುವಂತೆ ಪಕ್ಕದಲ್ಲಿ ದೂರ ನಿಂತು ಕೈಸನ್ನೆ ಮಾಡಲಿ.

ತೀರ್ಥಹಳ್ಳಿ ತೋಟಗಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಹೋಸ್ ತುದಿಗಳನ್ನು ಜೋಡಿಸಿದೊಡನೆ ಸದ್ದು ನಿಂತು ಲಿಫ್ಟ್ ಎದ್ದಿತು. ಎಣ್ಣೆ ಕಪ್ಪಾಗಿಲ್ಲ. ಬ್ಯಾಕ್‌ಹೋ ನಿಂತಿರುವ ಜಾಗದಲ್ಲಿ ಮಟ್ಟಗೋಲು ಇಟ್ಟು ನೋಡಿದಾಗ, ಹೇಳಿದಂತೆಯೇ ಎಡಗಾಲು ಮಣ್ಣಿನಲ್ಲಿ ಹೂತಿರುವುದು ಕಂಡಿತು. ದಿಮ್ಮಿ ಕೊಯ್ಯಿಸಲು ಕೊಟ್ಟಿದ್ದೇನೆ.

ಇನ್ನೂ ಕೆಲವು ಸಂದೇಹಗಳಿವೆ. ಬಿಸಿಲಿನಲ್ಲಿ ನಿಂತ ಬ್ಯಾಕ್‌ಹೋದ ಕಪ್ಲರ್ ಎಷ್ಟು ಒತ್ತಿದರೂ ಕೂರುವುದಿಲ್ಲ, ಬೆಳಗಿನ ಹೊತ್ತು ಸುಲಭವಾಗಿ ಕೂರುತ್ತದೆ. ಇದೇಕೆ? ಮಳೆಗಾಲ ಪೂರ್ತಿ ಕಳಚಿಡುವುದಾದರೆ ಏನೇನು ಜಾಗ್ರತೆ ಬೇಕು? ನಮ್ಮ ನೆರೆಯವರು ಸಬ್‌ಫ್ರೇಮ್ ಇಲ್ಲದೆ ತ್ರೀ ಪಾಯಿಂಟ್ ಲಿಂಕೇಜಿಗೆ (ಲಿಫ್ಟಿನ ಎರಡು ಕೆಳತೋಳು ಮತ್ತು ಟಾಪ್ ಲಿಂಕ್) ನೇರ ಸಿಕ್ಕಿಸುವ ಬ್ಯಾಕ್‌ಹೋ ಕೊಳ್ಳುವ ಯೋಚನೆಯಲ್ಲಿದ್ದಾರೆ, ಅದು ಕಳಚಲು ಸುಲಭವೆಂದು ಹೇಳುತ್ತಾರೆ. ಇದರ ಬಗ್ಗೆಯೂ ತಿಳಿಸಬೇಕು.

ಹೈಡ್ರಾಲಿಕ್ ಕೆಲಸ, ಶಿವಮೊಗ್ಗ

ಮುಚ್ಚಿದ ಹೋಸಿನೊಳಗೆ ಉಳಿದ ಎಣ್ಣೆ ಬಿಸಿಲಿಗೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಒತ್ತಡ ಏರಿ, ಕಪ್ಲರಿನ ಒಳಗಿನ ವಾಲ್ವನ್ನು ಹೊರಕ್ಕೆ ಒತ್ತಿ ಹಿಡಿಯುತ್ತದೆ. ಕೈಯ ಬಲ ಅದಕ್ಕೆ ಸಾಲದು. ಹೋಸ್ ತುದಿಗಳನ್ನು ನೆರಳಿನಲ್ಲಿಡುವುದು, ಬೆಳಗ್ಗೆ ತಣ್ಣಗಿರುವಾಗ ಜೋಡಿಸುವುದು ಇದಕ್ಕೆ ಒಳ್ಳೆಯ ಉಪಾಯ. ತುರ್ತಿದ್ದರೆ ಒದ್ದೆ ಗೋಣಿ ಸುತ್ತಿ ತಣಿಸಿ. ಕಪ್ಲರಿನ ಮೊನೆಯನ್ನು ಸುತ್ತಿಗೆಯಿಂದ ಕುಟ್ಟಿ ಎಣ್ಣೆ ಚಿಮ್ಮಿಸುವವರಿದ್ದಾರೆ. ಅದರಿಂದ ಕಪ್ಲರ್ ಸೋರಲು ತೊಡಗುತ್ತದೆ, ಕಣ್ಣಿಗೂ ಅಪಾಯ.

ಸೋರಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಹೋಸಿನ ಸೂಜಿತೂತಿನಿಂದ ಬರುವ ಎಣ್ಣೆ ಚರ್ಮವನ್ನು ತೂರಿಕೊಂಡು ಒಳಗೆ ಹೋಗುತ್ತದೆ. ಎಲ್ಲಿ ಸೋರುತ್ತಿದೆ ಎಂದು ಕೈ ಸವರಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಹೊರಗೆ ಚುಕ್ಕಿಯಷ್ಟು ಗಾಯ ಕಂಡರೂ ಒಳಗೆ ಮಾಂಸ ಕೊಳೆಯಲು ಶುರುವಾಗುವುದರಿಂದ, ನೋವು ಬರಲಿ ಎಂದು ಕಾಯದೆ ಕೂಡಲೇ ಶಿವಮೊಗ್ಗದ ಮೆಗ್ಗಾನ್‌ನಂತಹ ಶಸ್ತ್ರಚಿಕಿತ್ಸೆಯ ವ್ಯವಸ್ಥೆಯಿರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಹೇಳಬೇಕು.

ಮಳೆಗಾಲದ ಮಟ್ಟಿಗೆ: ಸಿಲಿಂಡರುಗಳ ಹೊಳೆಯುವ ರಾಡ್‌ಗಳು ನಮ್ಮ ಥಂಡಿಗೆ ತುಕ್ಕು ಹಿಡಿದು ಚುಕ್ಕೆ ಬಿದ್ದರೆ, ಅವು ಒಳಹೋಗುವಾಗ ಸೀಲನ್ನು ಹರಿಯುತ್ತವೆ. ಕಳಚುವ ಮೊದಲೇ, ಬಕೆಟ್ ಹಲಗೆಯ ಮೇಲೆ ಊರಿರುವಂತೆಯೇ, ಆದಷ್ಟು ರಾಡ್‌ಗಳು ಒಳಗಿರುವಂತೆ ಬೂಮನ್ನು ಇರಿಸಿ, ಹೊರಗುಳಿದ ಭಾಗಕ್ಕೆ ದಪ್ಪಗೆ ಗ್ರೀಸ್ ಬಳಿಯಿರಿ. ಮತ್ತೆ ನಡೆಸುವ ಮೊದಲು ಆ ಹಳೆಯ ಗ್ರೀಸನ್ನು ಒರೆಸಿ ತೆಗೆಯುವುದೂ ಅಷ್ಟೇ ಮುಖ್ಯ. ಎಲ್ಲ ಪಿನ್‌ಗಳಿಗೂ ಹೊಸ ಗ್ರೀಸ್ ಹೊರಬರುವವರೆಗೆ ಗ್ರೀಸ್ ಗನ್ ಹೊಡೆಯಿರಿ. ಟಾರ್ಪಾಲನ್ನು ನೆಲದವರೆಗೆ ಬಿಗಿಯದೆ ಕೆಳಗೆ ಗಾಳಿಯಾಡಲು ಬಿಡಿ. ಕೊಟ್ಟಿಗೆಯ ಪಕ್ಕದ ಗಂಜಲ ಹರಿಯುವ ಜಾಗವೂ ಬೇಡ, ಅಡಿಕೆ ಒಣಗಿಸುವ ಕಣವೂ ಬೇಡ. ಕಣದ ನೆಲಕ್ಕೆ ಬಿದ್ದ ಎಣ್ಣೆಯ ವಾಸನೆ ಅಡಿಕೆಗೆ ಹತ್ತುತ್ತದೆ.

ಕೊಪ್ಪ ಕಾಫಿ ತೋಟ

ನೆರೆಯವರ ವಿಷಯಕ್ಕೆ ನನ್ನ ಅಭಿಪ್ರಾಯ ಬರೆಯುತ್ತೇನೆ. ತ್ರೀ ಪಾಯಿಂಟಿಗೆ ಸಿಕ್ಕಿಸುವ ಬ್ಯಾಕ್‌ಹೋ ಕಳಚಲು ಸುಲಭ ಎಂಬುದು ನಿಜ, ಬೆಲೆಯೂ ಕಡಿಮೆ. ಆದರೆ ನಾನು ಅದನ್ನು ಶಿಫಾರಸು ಮಾಡಲಾರೆ. ಬಕೆಟ್ಟನ್ನು ಕೆಳಕ್ಕೆ ಒತ್ತಿದಾಗಲೂ ಬೇರು ಕೀಳುವಾಗಲೂ ಹುಟ್ಟುವ ಬಲವೆಲ್ಲ ಟಾಪ್ ಲಿಂಕ್ ಮತ್ತು ಅದನ್ನು ಹಿಡಿದಿರುವ ಎರಕದ ಭಾಗದ ಮೇಲೆ ಬೀಳುತ್ತದೆ. ಅದನ್ನು ರೂಪಿಸಿರುವುದು ನೇಗಿಲು, ರೋಟವೇಟರ್‌ಗಳ ಎಳೆತಕ್ಕಾಗಿ. ಟಾಪ್ ಲಿಂಕ್ ಮುರಿದರೆ ಬ್ಯಾಕ್‌ಹೋ ಮೇಲಕ್ಕೆ ಮಡಿಚಿಕೊಂಡು ಸೀಟಿನಲ್ಲಿರುವವರನ್ನು ಟ್ರ್ಯಾಕ್ಟರಿಗೆ ಒತ್ತಿಬಿಡಬಹುದು. ಜಂಬಿಟ್ಟಿಗೆಯಲ್ಲಿ ಅಗೆಯುವವರಿಗೆ ಸಬ್‌ಫ್ರೇಮ್ ಇರುವುದೇ ಲೇಸು. ಅದು ಬಲವನ್ನು ಟ್ರ್ಯಾಕ್ಟರಿನ ಉದ್ದಕ್ಕೂ ಹಂಚುತ್ತದೆ. ಪಿಟಿಒದಿಂದ ತಿರುಗುವ ಪ್ರತ್ಯೇಕ ಪಂಪು ಇರುವ ಮಾದರಿಯಾದರೆ, ಪಂಪಿನ ಹೊರಮೈ ತಿರುಗದಂತೆ ಹಿಡಿಯುವ ಸರಪಳಿಯನ್ನು ಜೋಡಿಸುವಾಗ ಮರೆಯಬಾರದು, ಕಳಚಿದ ಮೇಲೆ ಪಂಪನ್ನು ಅದರ ಹೋಸಿನಿಂದಲೇ ನೇತುಬಿಡಬಾರದು.

ಇಲ್ಲಿ ಯಾರೂ ಹೇಳದ ಇನ್ನೊಂದು ವಿಷಯವಿದೆ. ಬ್ಯಾಕ್‌ಹೋ ಕಳಚಿದ ಕೂಡಲೇ ಟ್ರ್ಯಾಕ್ಟರಿನ ತೂಕದ ಲೆಕ್ಕ ತಲೆಕೆಳಗಾಗುತ್ತದೆ. ಮುಂದೆ ಲೋಡರ್ ಇದ್ದು ಹಿಂದೆ ಏನೂ ಇಲ್ಲದಿದ್ದರೆ, ಬಕೆಟ್ ತುಂಬ ಗೊಬ್ಬರ ಎತ್ತಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ಹಿಂದಿನ ಚಕ್ರಗಳು ಹಗುರಾಗುತ್ತವೆ. ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ, ಆದ್ದರಿಂದ ಗಾಡಿ ನಿಲ್ಲುವುದಿಲ್ಲ. ಲೋಡರ್ ಕೆಲಸವಿದ್ದರೆ ಹಿಂದೆ ರೋಟವೇಟರನ್ನೋ ತೂಕದ ಪೆಟ್ಟಿಗೆಯನ್ನೋ ಏರಿಸಿಯೇ ಹೊರಡಿ, ಫೋರ್ ವೀಲ್ ಹಾಕಿಕೊಳ್ಳಿ. ಲೋಡರ್ ಕಳಚಿ ಬ್ಯಾಕ್‌ಹೋ ಮಾತ್ರ ಇಟ್ಟುಕೊಂಡು ಏರು ಹತ್ತಿದರೆ ಮುಂದಿನ ಚಕ್ರ ನೆಲ ಬಿಟ್ಟು ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಎರಡನ್ನೂ ಕಳಚುವುದಿದ್ದರೆ ಬ್ಯಾಕ್‌ಹೋವನ್ನು ಮೊದಲು ಕಳಚಿ, ಲೋಡರನ್ನು ಆಮೇಲೆ ಸಮತಟ್ಟಾದ ಜಾಗದಲ್ಲಿಯೇ ಕಳಚಿ.

ಅಡಿಕೆ ತೋಟದವರಿಗೆ ಮತ್ತೊಂದು ಸಂಗತಿ. 2.7 ಮೀಟರ್ ಅಂತರದ ಸಾಲಿನಲ್ಲಿ ಟ್ರ್ಯಾಕ್ಟರ್ ಸರಾಗವಾಗಿ ಹೋದರೂ ಸ್ಟೆಬಿಲೈಸರ್ ಕಾಲು ಬಿಚ್ಚಿದಾಗ ಅದರ ಪಾದ ಮರದ ಬುಡಕ್ಕೆ ತಾಗುತ್ತದೆ. ಕೊಳ್ಳುವ ಮೊದಲು ಕಾಲು ಬಿಚ್ಚಿದ ಅಗಲವನ್ನು ಅಳೆದು ನೋಡಲು ನಿಮ್ಮ ನೆರೆಯವರಿಗೆ ಹೇಳಿ.

ತೀರ್ಥಹಳ್ಳಿ ತೋಟಗಾರ

ತೂಕದ ವಿಷಯ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ, ನಮ್ಮ ಗೊಬ್ಬರದ ಗುಂಡಿಯಿಂದ ತೋಟಕ್ಕೆ ಇರುವುದು ಇಳಿಜಾರಿನ ದಾರಿಯೇ. ನೆರೆಯವರಿಗೆ ಈ ಉತ್ತರವನ್ನು ಓದಿ ಹೇಳಿದ್ದೇನೆ, ಅವರು ತಮ್ಮ ಟ್ರ್ಯಾಕ್ಟರಿಗೆ ಸಬ್‌ಫ್ರೇಮ್ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ. ನಾವು ಬ್ಯಾಕ್‌ಹೋ ಇಡಲು ಶೆಡ್ಡಿನ ಒಂದು ಮೂಲೆಗೆ ಕಾಂಕ್ರೀಟ್ ಹಾಕಿಸುತ್ತಿದ್ದೇವೆ. ದಿಮ್ಮಿಗಳು ಬಂದ ಮೇಲೆ ಹೇಳಿದ ಕ್ರಮದಲ್ಲಿಯೇ ಜೋಡಿಸಿ ನೋಡಿ ಇಲ್ಲಿ ಬರೆಯುತ್ತೇನೆ.